‘ಏನಾದರೂ ವಿಶೇಷವೇ?’ ಎಂದು ಕೇಳುವವರಿಗೆ

ಮದುವೆಯಾಗಿ ವರ್ಷ ತುಂಬುವ ಮೊದಲೇ ‘ಏನಮ್ಮ, ಇನ್ನೂ ವಿಶೇಷವಿಲ್ಲವೇ?’ ಎಂಬ ಪ್ರಶ್ನೆ ಆರಂಭವಾಗುತ್ತದೆ. ಒಂದು ಮಗುವಾದರೆ ‘ಎರಡನೆಯದು ಎಂದು?’ ಎನ್ನುತ್ತಾರೆ. ಒಡೆಯರಪಾಳ್ಯದ ಸುತ್ತಿನ ಹಳ್ಳಿಗಳಲ್ಲಿ ಬಸ್ಸಿಗೆ ಕಾಯುವಾಗ, ನೆಂಟರ ಜಗುಲಿಯಲ್ಲಿ, ಮಾದಪ್ಪನ ಬೆಟ್ಟದ ದೀಪಾವಳಿ ಜಾತ್ರೆಯಲ್ಲಿ ಈ ಮಾತನ್ನು ಎದುರಿಸದ ಸೊಸೆ ವಿರಳ. ಕೇಳುವವರಲ್ಲಿ ಬಹುಮಂದಿಗೆ ಕೆಟ್ಟ ಉದ್ದೇಶವಿರುವುದಿಲ್ಲ, ನಿಜ. ಆದರೂ ಇದಕ್ಕೆ ಬೇಸತ್ತು, ಕೈಗೂಸಿಗೆ ಹಾಲು ಬಿಡಿಸುವ ಮುನ್ನವೇ ವಂಕಿ ತೆಗೆಸಿಕೊಳ್ಳಲು ಬರುವ ಸೋದರಿಯರಿದ್ದಾರೆ. ಹೆರಿಗೆಯ ನಂತರ ಮತ್ತೆ ಗರ್ಭ ಧರಿಸಲು ಕನಿಷ್ಠ 2 ವರ್ಷಗಳ ಅಂತರವಿರುವುದು ತಾಯಿಗೂ ಮಗುವಿಗೂ ಹಿತಕರ. ನೆಂಟರ ಆತುರಕ್ಕೆ ಇದನ್ನು ಬಲಿಗೊಡಬೇಡಿರಿ.

ಏನು ಉತ್ತರಿಸಬೇಕೆಂಬುದನ್ನು ದಂಪತಿಗಳಿಬ್ಬರೂ ಮೊದಲೇ ಮಾತನಾಡಿಕೊಳ್ಳಿರಿ. ‘ಆದಾಗ ನಿಮಗೆ ಹೇಳದೆ ಇರುತ್ತೇವೆಯೇ, ದೊಡ್ಡಮ್ಮ?’ ಎಂದು ನಗುತ್ತಾ ಬೇರೆ ಮಾತೆತ್ತಿದರೆ ಸಾಕು. ಅನುಸರಿಸುತ್ತಿರುವ ವಿಧಾನವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಗಂಡನ ಕಡೆಯವರಿಗೆ ಗಂಡನೇ ಉತ್ತರಿಸುವುದು ಲೇಸು. ಹೆಂಡತಿ ತಲೆತಗ್ಗಿಸಿ ನಿಂತಿರುವಾಗ ಆತ ಬೀಡಿ ಹಚ್ಚಿಕೊಂಡು ಹೊರನಡೆಯುವುದು ನ್ಯಾಯವಲ್ಲ.

ಮಗುವನ್ನು ಬಯಸಿ, ಯಾವ ವಿಧಾನವನ್ನೂ ಬಳಸದೆ 1 ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ವೈದ್ಯರನ್ನು ಕಾಣಬೇಕು. ಹೆಂಡತಿಗೆ 35 ವರ್ಷ ದಾಟಿದ್ದರೆ 6 ತಿಂಗಳಿಗೇ ಬರಬೇಕು. ಕಾರಣ ಗಂಡಸಿನಲ್ಲಿಯೂ ಇರಬಹುದು. ವೀರ್ಯಪರೀಕ್ಷೆ ಸುಲಭವಾದುದು, ನೋವಿಲ್ಲದ್ದು. ಬೆಟ್ಟಕ್ಕೆ ಹರಕೆ ಹೊರುವವರು ಹೊರಲಿ, ಪರೀಕ್ಷೆಯನ್ನು ಮಾತ್ರ ಮುಂದೂಡಬಾರದು. ಅದರ ಫಲಿತಾಂಶವನ್ನು ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ತಂದೆತಾಯಿಗಳಿಗೂ ವೈದ್ಯರು ತಿಳಿಸುವಂತಿಲ್ಲ.