ದೋಣಿಯ ಸೀಟು ಹೊಳೆಯಲಿ, ಉಸಿರು ಕಟ್ಟದಿರಲಿ

ಮಳೆಗಾಲ ಮುಗಿದು ದೋಣಿಯ ಟಾರ್ಪಾಲು ಸರಿಸಿದರೆ ವಿನೈಲ್ ಸೀಟುಗಳ ಮೇಲೆ ಕಪ್ಪು ಬೂಷ್ಟು ಕಾಣುತ್ತದೆ. ಅದನ್ನು ಬೇಗ ತೆಗೆಯುವ ಆತುರದಲ್ಲಿ ಬ್ಲೀಚ್‌ಗೆ ಟಾಯ್ಲೆಟ್ ಕ್ಲೀನರ್ ಬೆರೆಸಿದ ಯುವಕನೊಬ್ಬ ಕೆಮ್ಮುತ್ತಾ ನನ್ನ ಬಳಿಗೆ ಬಂದಿದ್ದ. ಇದು ಕಷಾಯದಿಂದ ಗುಣವಾಗುವ ಕೆಮ್ಮಲ್ಲ. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ.

ಬ್ಲೀಚ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ವಿನೆಗರ್ ಕೂಡ ಆಮ್ಲವೇ ಎಂಬುದನ್ನು ಮರೆಯಬೇಡಿ. ಅಮೋನಿಯ ಇರುವ ಕ್ಲೀನರ್ ಸೇರಿದರೂ ವಿಷಾನಿಲವೇ. ಕ್ಲೋರಿನ್ ಗಾಳಿಗಿಂತ ಭಾರ. ದೋಣಿಯ ಇಕ್ಕಟ್ಟಾದ ಕ್ಯಾಬಿನ್ನಿನಲ್ಲಿ ಕೆಳಗೇ ನಿಲ್ಲುತ್ತದೆ.

ಹಾಗಾದರೆ ಏನು ಬಳಸಬೇಕು? ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್. ಹೆಚ್ಚಿನ ಕೊಳೆಗೆ ಇಷ್ಟೇ ಸಾಕು. ಅಂಗಡಿಯ ಕ್ಲೀನರ್ ಕೊಳ್ಳುವುದಾದರೆ ಲೇಬಲ್ಲಿನಲ್ಲಿ ‘ವಿನೈಲ್‌ಗೆ ಸೂಕ್ತ’ ಎಂದಿದೆಯೇ ನೋಡಿ, ಮೊದಲು ಮರೆಯ ಮೂಲೆಯಲ್ಲಿ ಪರೀಕ್ಷಿಸಿ. ಥಿನ್ನರ್, ಪೆಟ್ರೋಲ್, ಅಸಿಟೋನ್ ಬೇಡ. ಅವು ವಿನೈಲನ್ನು ಕೆಡಿಸುತ್ತವೆ, ಬೆಂಕಿಯ ಅಪಾಯವೂ ಇದೆ. ಬ್ಲೀಚ್ ಹೊಲಿಗೆಯ ದಾರವನ್ನು ದುರ್ಬಲಗೊಳಿಸುತ್ತದೆ.

ಕೈಗವಸು ಧರಿಸಿ, ಗಾಳಿಯಾಡುವಲ್ಲಿ ಕೆಲಸ ಮಾಡಿ. ಚೆನ್ನಾಗಿ ತೊಳೆದು ಒರೆಸಿ ಒಣಗಿಸಿ. ತೇವ ಉಳಿದರೆ ಬೂಷ್ಟು ಮತ್ತೆ ಬರುತ್ತದೆ. ಉಳಿದ ದ್ರವವನ್ನು ಕುಡಿಯುವ ನೀರಿನ ಬಾಟಲಿಗೆ ಎಂದಿಗೂ ತುಂಬಬೇಡಿ, ಮಕ್ಕಳಿಗೆ ಗೊತ್ತಾಗುವುದಿಲ್ಲ.

ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರಿನಿಂದ ತೊಳೆಯಿರಿ. ಅನಿಲ ಉಸಿರಾಡಿದವರನ್ನು ತೆರೆದ ಗಾಳಿಗೆ ಕರೆತಂದು ಆಸ್ಪತ್ರೆಗೆ ಒಯ್ಯಿರಿ. ‘ಈಗ ಪರವಾಗಿಲ್ಲ’ ಎಂದರೂ ತಡಮಾಡಬೇಡಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.