ವಿಡಿಯೊ ಮಾಡಿದೆ, ಪಾಠ ಆಗಲಿಲ್ಲ

ಕಳೆದ ವರ್ಷ ನಮ್ಮ ತರಗತಿಯ ಗೆಳತಿಯೊಬ್ಬಳು ತಾಯಿಯ ಆಪರೇಷನ್ ಇದ್ದುದರಿಂದ ಮೂರು ವಾರ ಕಾಲೇಜಿಗೆ ಬರಲಿಲ್ಲ. ಅಕೌಂಟೆನ್ಸಿಯಲ್ಲಿ ಜರ್ನಲ್ ಎಂಟ್ರಿ ಆಗಷ್ಟೇ ಶುರುವಾಗಿತ್ತು. ನಾನು ಮೊಬೈಲಿನಲ್ಲಿ 22 ನಿಮಿಷದ ವಿಡಿಯೊ ಮಾಡಿ ಅವಳಿಗೆ ಕಳಿಸಿದೆ. ಸುಲಭವಾಗಲಿ ಎಂದು ಎಲ್ಲವನ್ನೂ ಉರ್ದುವಿನಲ್ಲೇ ಹೇಳಿದ್ದೆ. "ಎಲ್ಲ ಅರ್ಥವಾಯಿತು" ಎಂದಳು. ಕಿರುಪರೀಕ್ಷೆಯಲ್ಲಿ 25ಕ್ಕೆ 6 ಅಂಕ ಬಂತು. ಕಾಮರ್ಸ್ ತನ್ನಿಂದ ಆಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದು ಅತ್ತಳು.

ಇಬ್ಬರೂ ಕೂತು ಉತ್ತರ ಪತ್ರಿಕೆ ನೋಡಿದೆವು. 5,000 ರೂಪಾಯಿಯ ಸರಕನ್ನು ಕ್ರೆಡಿಟ್ ಮೇಲೆ ಖರೀದಿಸಿದ ವ್ಯವಹಾರಕ್ಕೆ ಅವಳು ಖರೀದಿ ಖಾತೆಯನ್ನು ಕ್ರೆಡಿಟ್ ಮಾಡಿದ್ದಳು. ಡೆಬಿಟ್ ಮಾಡಬೇಕಿತ್ತು. ಏಕೆ ಹೀಗೆ ಬರೆದೆ ಎಂದು ಕೇಳಿದೆ. "ಉಧಾರ್ ಅಂದರೆ ಕ್ರೆಡಿಟ್ ತಾನೇ?" ಎಂದಳು. ಅಂಗಡಿಯಲ್ಲಿ ಕ್ರೆಡಿಟ್ ಎಂದರೆ ಉಧಾರ್, ನಿಜ. ಲೆಕ್ಕದ ಪುಸ್ತಕದಲ್ಲಿ ಕ್ರೆಡಿಟ್ ಎಂದರೆ ಖಾತೆಯ ಬಲಬದಿ. ಒಂದೇ ಪದ, ಎರಡು ಅರ್ಥ. ನನ್ನ 22 ನಿಮಿಷಗಳಲ್ಲಿ ಈ ಬಗ್ಗೆ ಒಂದು ಮಾತೂ ಇರಲಿಲ್ಲ.

ಇದನ್ನು ನಮ್ಮ ಮೇಡಂಗೆ ಹೇಳಿದಾಗ, "ಕಲಿಯುವವರು ಎಲ್ಲಿ ಎಡವುತ್ತಾರೆ ಎಂದು ಹುಡುಕಿ ಪಾಠ ಕಟ್ಟುವುದೇ ಒಂದು ಪ್ರತ್ಯೇಕ ವಿಷಯ, ಅದರಲ್ಲಿ ಪಿಎಚ್.ಡಿ. ಕೂಡ ಮಾಡಬಹುದು" ಎಂದರು. ಇದನ್ನು ಇಂಗ್ಲಿಷಿನಲ್ಲಿ ಇನ್‌ಸ್ಟ್ರಕ್ಷನಲ್ ಡಿಸೈನ್ ಎನ್ನುತ್ತಾರೆ, ಕನ್ನಡದಲ್ಲಿ ಬೋಧನಾ ವಿನ್ಯಾಸ ಎನ್ನಬಹುದು. ಅಂದಿನಿಂದ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಲಕ್ಷಾಂತರ ಸೈನಿಕರಿಗೆ ಬೇಗನೆ ತರಬೇತಿ ಕೊಡಬೇಕಾಯಿತು. ಈ ವಿಷಯ ಬೆಳೆದದ್ದು ಆ ಕಾಲದಲ್ಲಿ. 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದವರು ಅಲ್ಲಿನ ಸೇನೆಗಾಗಿ ಐದು ಹಂತಗಳ ಕ್ರಮವೊಂದನ್ನು ರೂಪಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ: ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ. ನಾನು ನೇರವಾಗಿ ಮೂರನೆಯ ಹಂತಕ್ಕೆ ಹಾರಿದ್ದೆ. ಕಲಿಯುವವಳಿಗೆ ಏನು ಗೊತ್ತಿದೆ, ಯಾವ ಪದವನ್ನು ಅವಳು ಹೇಗೆ ಅರ್ಥಮಾಡಿಕೊಂಡಿದ್ದಾಳೆ ಎಂದು ಮೊದಲು ಕೇಳಿಯೇ ಇರಲಿಲ್ಲ.

ದೊಡ್ಡವರಿಗೂ ಇದು ಸುಲಭವಲ್ಲ. ಮಂಗಳೂರು ಮೂಲದ ಅನಂತ್ ಅಗರ್‌ವಾಲ್ ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರು. 2012ರಲ್ಲಿ ಅವರ ತಂಡ ಎಲೆಕ್ಟ್ರಾನಿಕ್ಸ್ ಕೋರ್ಸೊಂದನ್ನು ಆನ್‌ಲೈನ್‌ನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಾಗ ಸುಮಾರು 1,55,000 ಜನ ಹೆಸರು ನೋಂದಾಯಿಸಿದರು. ತೇರ್ಗಡೆಯಾದವರು ಸುಮಾರು 7,000. ಸುಮ್ಮನೆ ನೋಡಲು ಬಂದವರೂ ಅದರಲ್ಲಿ ಬಹಳ ಮಂದಿ ಇದ್ದರು. ಆದರೂ ಜನ ಎಲ್ಲಿ ನಿಲ್ಲಿಸುತ್ತಾರೆ ಎಂಬ ಪ್ರಶ್ನೆ ಉಳಿಯಿತು. ಮುಂದೆ ಅವರದೇ ವೇದಿಕೆಯಾದ ಎಡ್‌ಎಕ್ಸ್‌ನಲ್ಲಿ ಜನ 69 ಲಕ್ಷ ಬಾರಿ ವಿಡಿಯೊ ನೋಡಿದ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಡಿಯೊ ಎಷ್ಟೇ ಉದ್ದವಿರಲಿ, ನೋಡುಗರು ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ನನ್ನ 22 ನಿಮಿಷದ ಗತಿ ಏನಾಗಿರಬೇಕು, ನೀವೇ ಊಹಿಸಿ!

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಐಐಟಿ ಬಾಂಬೆಯಲ್ಲಿ ಶೈಕ್ಷಣಿಕ ತಂತ್ರಜ್ಞಾನದಲ್ಲಿ ಪಿಎಚ್.ಡಿ. ಮಾಡಬಹುದು. ಅಲ್ಲಿನ ಪ್ರಾಧ್ಯಾಪಕರಾದ ಸಹನಾ ಮೂರ್ತಿ, ಶ್ರೀಧರ್ ಅಯ್ಯರ್ ಮತ್ತು ಅವರ ತಂಡದವರು ರೂಪಿಸಿದ ಮಾದರಿಯಲ್ಲಿ ವಿಡಿಯೊ ನಡುವೆಯೇ ನಿಂತು ಪ್ರಶ್ನೆ ಕೇಳುತ್ತದೆ. ಉತ್ತರ ಯೋಚಿಸಿ ಬರೆದ ಮೇಲೆ ಮುಂದಕ್ಕೆ ಹೋಗಬೇಕು.

ಇದು ನಮಗೂ ಸಂಬಂಧಪಟ್ಟದ್ದು. ಕೇಂದ್ರ ಸರ್ಕಾರದ ಸ್ವಯಂ ವೇದಿಕೆ 2017ರಲ್ಲಿ ಆರಂಭವಾಯಿತು. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಕಲಿಯಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ನಾಳೆ ನಮ್ಮ ಡಿಗ್ರಿಯ ಒಂದು ಭಾಗ ಪರದೆಯ ಮೇಲೆ ಬರಬಹುದು. ಆ ಪಾಠ ಕಟ್ಟುವವರಿಗೆ ಉಧಾರ್ ಮತ್ತು ಕ್ರೆಡಿಟ್‌ನ ಗೊಂದಲ ಗೊತ್ತಿಲ್ಲದಿದ್ದರೆ ನಮ್ಮಂಥ ಮನೆಗಳ ಮಕ್ಕಳು "ದಡ್ಡರು" ಎನಿಸಿಕೊಳ್ಳುತ್ತಾರೆ.

ಕಾಮರ್ಸ್ ಓದಿದವರು ಇಲ್ಲಿಗೆ ಹೋಗಬಹುದೇ? ಹೋಗಬಹುದು. ಬಿ.ಕಾಂ. ಮುಗಿಸಿ ಶಿಕ್ಷಣಶಾಸ್ತ್ರದಲ್ಲಿ ಎಂ.ಎ. ಮಾಡಬಹುದು, ಇಗ್ನೋ ಯಾವುದೇ ಪದವೀಧರರನ್ನು ಅದಕ್ಕೆ ಸೇರಿಸಿಕೊಳ್ಳುತ್ತದೆ. ಎಂ.ಎ.ಯಲ್ಲಿ ಶೇ. 55, ಮೀಸಲಾತಿಯವರಿಗೆ ಶೇ. 50 ಅಂಕ ಇದ್ದರೆ ಅದೇ ವಿಷಯದಲ್ಲಿ ನೆಟ್ ಅಥವಾ ಕೆ-ಸೆಟ್ ಬರೆದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರಾಗಬಹುದು. ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ ಪಿಎಚ್.ಡಿ. ಮಾಡುವಾಗ ಫೆಲೋಶಿಪ್ ಹಣವೂ ಬರುತ್ತದೆ. ಮುಂದಿನ ಕೆಲಸ ಶಿಕ್ಷಕರನ್ನು ತಯಾರು ಮಾಡುವುದು, ಕೋರ್ಸ್ ಕಟ್ಟುವುದು, ಯಾವ ಪಾಠ ಏಕೆ ಫಲಿಸಿತು ಎಂದು ಸಂಶೋಧಿಸುವುದು. ದಾರಿ ಉದ್ದವಿದೆ. ಮನೆಯಲ್ಲಿ ಅಬ್ಬಾಗೆ ಇದನ್ನು ವಿವರಿಸಲು ನನಗೇ ಎರಡು ದಿನ ಬೇಕಾಯಿತು.

ಗೆಳತಿಗೆ ಮತ್ತೆ ವಿಡಿಯೊ ಮಾಡಿದೆ. ಈ ಸಲ ನಾಲ್ಕೇ ನಿಮಿಷ, ವಿಷಯವೂ ಒಂದೇ: ಉಧಾರ್ ಬೇರೆ, ಕ್ರೆಡಿಟ್ ಬದಿ ಬೇರೆ. ನಡುವೆ ಎರಡು ಕಡೆ "ನಿಲ್ಲಿಸು, ಬರೆ" ಎಂದೆ. ನಾಲ್ಕು ಎಂಟ್ರಿ ಕೊಟ್ಟಾಗ ಮೂರು ಸರಿ ಮಾಡಿದಳು. ನಾಲ್ಕನೆಯದು ಖರೀದಿ ವಾಪಸಾತಿ. ಅದರಲ್ಲಿ ಅವಳು ಎಲ್ಲಿ ಎಡವಿದಳು ಎಂದು ಈಗ ಹುಡುಕುತ್ತಿದ್ದೇನೆ. ಅವಳು ಕಾಮರ್ಸ್ ಬಿಟ್ಟಿಲ್ಲ.

ನಿಮ್ಮ ಬಳಿಯೂ ತಪ್ಪಾದ ಎಂಟ್ರಿಗಳಿದ್ದರೆ ಹರಿದು ಎಸೆಯಬೇಡಿ. ಹಾಗೇಕೆ ಬರೆದಿರಿ ಎಂದು ಪಕ್ಕದಲ್ಲೇ ಒಂದು ಸಾಲು ಬರೆದು ನನಗೆ ಕೊಡಿ. ಹೆಸರು ಬೇಡ.