ಹಕ್ಕಿ ನೋಡಲು ಹಣ ಬೇಡ, ಉಳಿಸಲು ಬೇಕು
ದೆಹಲಿಯ ಪಕ್ಷಿವೀಕ್ಷಕರ ಏಳು ದಶಕಗಳ ದಾರಿ

ನವದೆಹಲಿ: ಕಿದ್ವಾಯಿ ನಗರದಲ್ಲಿ ಹಾಲಿನ ಬೂತಿನ ಮುಂದೆ ಜನ ಸೇರುವ ಹೊತ್ತಿಗೆ ಬೇವಿನ ಮರದ ತುದಿಯಲ್ಲಿ ಕಂಚುಗಾರ ಹಕ್ಕಿಯ 'ಟುಕ್ ಟುಕ್' ಶುರುವಾಗಿರುತ್ತದೆ. ಊರಿನ ಹಿತ್ತಿಲಲ್ಲಿ ಕೇಳುತ್ತಿದ್ದ ಅದೇ ದನಿ. ಆದರೆ ಆ ದನಿ ಕೂರಲು ಮರ ಬೇಕು. ಈ ಬಡಾವಣೆಯ ಮಟ್ಟಿಗೆ ಅದೇ ದೊಡ್ಡ ಪ್ರಶ್ನೆ.

ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಈ ಬಡಾವಣೆ ಸರ್ಕಾರಿ ನೌಕರರ ವಸತಿಗೆಂದು ಕಟ್ಟಿದ್ದು. 2014ರಲ್ಲಿ ಪೂರ್ವ ಕಿದ್ವಾಯಿ ನಗರದ ಸುಮಾರು 86 ಎಕರೆಯಲ್ಲಿ ಪುನರ್ನಿರ್ಮಾಣ ಆರಂಭವಾಯಿತು. ಹಳೆಯ ಕ್ವಾರ್ಟರ್ಸ್ ಹೋಗಿ ಬಹುಮಹಡಿ ಕಟ್ಟಡಗಳು ಬಂದವು. ಜತೆಗೆ ಹಳೆಯ ಮರಗಳೂ ಉರುಳಿದವು. 2018ರ ಜೂನ್‌ನಲ್ಲಿ ಪಕ್ಕದ ಸರೋಜಿನಿ ನಗರ, ನೌರೋಜಿ ನಗರ ಮುಂತಾದ ಬಡಾವಣೆಗಳಲ್ಲಿ ಸಾವಿರಾರು ಮರಗಳಿಗೆ ಅದೇ ಗತಿ ಬರಲಿದೆ ಎಂದಾಗ ಜನ ಬೀದಿಗಿಳಿದು ಮರಗಳನ್ನು ಅಪ್ಪಿ ನಿಂತರು. ದೆಹಲಿ ಹೈಕೋರ್ಟ್ ಕಡಿತಕ್ಕೆ ತಡೆ ನೀಡಿತು.

ಕಡಿದ ಮರಕ್ಕೆ ಬದಲಾಗಿ ಸಸಿ ನೆಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ದೆಹಲಿಯಲ್ಲಿ ಸಾಮಾನ್ಯವಾಗಿ ಕಾಣುವ ಬೂದು ಮಂಗಟ್ಟೆ ಹಕ್ಕಿಯನ್ನು ನೋಡಿದವರಿಗೆ ಉತ್ತರ ಗೊತ್ತು. ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಉಳಿಸಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಉಣಿಸುತ್ತದೆ. ಒಂದು ಮರಕ್ಕೆ ಹತ್ತು ಸಸಿ ನೆಟ್ಟರೂ ಅಂಥ ಪೊಟರೆ ಮೂಡಲು ದಶಕಗಳೇ ಬೇಕು.

ನೋಟುಪುಸ್ತಕ ಉಳಿಸಿದ ಕೆರೆ

ಇಂಥ ಮಾತನ್ನು ಆಧಾರ ಸಹಿತ ಹೇಳುವವರು ಪಕ್ಷಿವೀಕ್ಷಕರು. ರಾಜಧಾನಿಯಲ್ಲಿ ಈ ಹವ್ಯಾಸಕ್ಕೆ ಸಂಘದ ರೂಪ ಬಂದದ್ದು 1950ರಲ್ಲಿ. ಗಾಂಧೀಜಿಯವರ ಆಪ್ತರಾಗಿದ್ದ ಹೊರೇಸ್ ಅಲೆಕ್ಸಾಂಡರ್ ಮತ್ತು ಗೆಳೆಯರು 'ದೆಹಲಿ ಬರ್ಡ್ ವಾಚಿಂಗ್ ಸೊಸೈಟಿ' ಕಟ್ಟಿದರು. ಇಂದಿರಾ ಗಾಂಧಿ ಅವರೂ ಅದರ ಸದಸ್ಯೆಯಾಗಿದ್ದರು. ಮುಂಜಾನೆ ಎದ್ದು ಹೋಗುವುದು, ಕಂಡದ್ದನ್ನು ದಿನಾಂಕ ಹಾಕಿ ಬರೆದಿಡುವುದು, ಇಷ್ಟೇ ಕೆಲಸ. ಬೇಕಾದದ್ದು ಒಂದು ದುರ್ಬೀನು, ಒಂದು ನೋಟುಪುಸ್ತಕ, ದಾರಿ ಖರ್ಚು.

ಆದರೆ ಈ ಪುಸ್ತಕಗಳು ಕಪಾಟಿನಲ್ಲೇ ಉಳಿಯಲಿಲ್ಲ. ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದ ಪತ್ರಕರ್ತ ಪೀಟರ್ ಜಾಕ್ಸನ್, ಗುಡಗಾಂವ್ ಬಳಿಯ ಸುಲ್ತಾನಪುರ ಕೆರೆಯನ್ನು ಉಳಿಸಬೇಕೆಂದು ಪ್ರಧಾನಿಯಾಗಿದ್ದ ಇಂದಿರಾ ಅವರಿಗೆ ಪತ್ರ ಬರೆದರು. 1971ರಲ್ಲಿ ಅದು ಪಕ್ಷಿಧಾಮವಾಯಿತು. 1991ರಲ್ಲಿ ರಾಷ್ಟ್ರೀಯ ಉದ್ಯಾನ, 2021ರಲ್ಲಿ ರಾಮ್ಸಾರ್ ತಾಣ. ಉಷಾ ಗಂಗೂಲಿ ಅವರು ದೆಹಲಿ ಪ್ರದೇಶದ ಹಕ್ಕಿಗಳ ಬಗ್ಗೆ ಬರೆದ ಕೈಪಿಡಿ, ಅವರು ತೀರಿಕೊಂಡ ಮೇಲೆ 1975ರಲ್ಲಿ ಅಚ್ಚಾಯಿತು. ಇಂದಿಗೂ ಹಿಂದಿನ ಸ್ಥಿತಿ ತಿಳಿಯಬೇಕಾದರೆ ಅದನ್ನೇ ತೆರೆಯಬೇಕು.

ಹನಿ ಹನಿ ಕೂಡಿದರೆ

ಹಕ್ಕಿ ನೋಡಲು ಹಣ ಬೇಡ ನಿಜ, ಗಾಯಗೊಂಡ ಹಕ್ಕಿಗೆ ಬೇಕು. ಕೆಂಪು ಕೋಟೆಯ ಎದುರು ದಿಗಂಬರ ಜೈನ ಲಾಲ್ ಮಂದಿರದಲ್ಲಿರುವ ಪಕ್ಷಿಗಳ ಆಸ್ಪತ್ರೆ 1929ರಿಂದ ದಾನಿಗಳ ನೆರವಿನಲ್ಲೇ ಬೆಳೆದು ಬಂದಿದೆ. ಆಗಸ್ಟ್ 15ರ ಸುಮಾರಿಗೆ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕತ್ತರಿಸಿಕೊಂಡ ಹಕ್ಕಿಗಳು ಹೆಚ್ಚು ಬರುತ್ತವೆ. ವಜೀರಾಬಾದ್‌ನ ಸಹೋದರರಾದ ನದೀಮ್ ಮತ್ತು ಸೌದ್ ಅವರು ಮನೆಯ ಸಣ್ಣ ಉದ್ಯಮದ ಆದಾಯದಲ್ಲೇ ವರ್ಷಗಟ್ಟಲೆ ಹದ್ದುಗಳ ಆರೈಕೆ ನಡೆಸಿದರು. 2022ರಲ್ಲಿ ಅವರ ಕುರಿತ 'ಆಲ್ ದಟ್ ಬ್ರೀದ್ಸ್' ಸಾಕ್ಷ್ಯಚಿತ್ರ ಜಗತ್ತಿನ ಗಮನ ಸೆಳೆಯಿತು.

ಹಕ್ಕಿಗಾಗಿ ಕೈಯಿಂದ ಕಳೆದುಕೊಳ್ಳುವ ಮಾತು ಕನ್ನಡನಾಡಿಗೂ ಹೊಸದಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಹಿಕ್ಕೆ ಬಿದ್ದು ಹುಣಸೆ ಫಸಲು ಕೆಡುತ್ತದೆ. ಆದರೂ ರೈತರು ಹಕ್ಕಿ ಓಡಿಸಲಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರು ಈ ಊರಿನತ್ತ ಗಮನ ಸೆಳೆದ ಮೇಲೆ, ಗೂಡಿರುವ ಮರಗಳಿಗೆ ಸರ್ಕಾರದಿಂದ ವರ್ಷಕ್ಕಿಷ್ಟು ಎಂದು ಪರಿಹಾರ ಕೊಡುವ ಪದ್ಧತಿ ಬಂತು. ಮೊತ್ತ ಸಣ್ಣದು, ಮನಸ್ಸು ದೊಡ್ಡದು. ಊರಿನ ಯುವಕರ 'ಹೆಜ್ಜಾರ್ಲೆ ಬಳಗ' ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಿಬಿಟ್ಟಿತು.

ಒಂದು ಭಾನುವಾರ ಸಾಕು

ಬೆಂಗಳೂರಿನಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತಿತರರು 1970ರ ದಶಕದ ಆರಂಭದಲ್ಲಿ ಕಟ್ಟಿದ ಪಕ್ಷಿವೀಕ್ಷಕರ ಕ್ಲಬ್‌ನ ಲಾಲ್‌ಬಾಗ್ ನಡಿಗೆ ತಿಂಗಳ ಎರಡನೇ ಭಾನುವಾರಕ್ಕೇ ಹೆಸರುವಾಸಿ. ಅಂಥ ನಡಿಗೆ ದೆಹಲಿ ಕನ್ನಡಿಗರಿಗೂ ಕಷ್ಟವಲ್ಲ. ಕಿದ್ವಾಯಿ ನಗರದಿಂದ ಲೋಧಿ ಉದ್ಯಾನ ಹತ್ತಿರ, ಲೋಧಿ ಎಸ್ಟೇಟ್‌ನ ಕನ್ನಡ ಶಾಲೆಯ ಮಕ್ಕಳಿಗಂತೂ ಪಕ್ಕದಲ್ಲೇ. ಓಖ್ಲಾ ಪಕ್ಷಿಧಾಮಕ್ಕೆ ಅದೇ ಹೆಸರಿನ ಮೆಟ್ರೊ ನಿಲ್ದಾಣವಿದೆ. ಪ್ರತಿ ಫೆಬ್ರುವರಿಯಲ್ಲಿ ದೇಶದಾದ್ಯಂತ ನಡೆಯುವ ನಾಲ್ಕು ದಿನಗಳ ಹಕ್ಕಿ ಗಣತಿಗೆ ಮನೆಯ ಬಾಲ್ಕನಿಯಿಂದಲೇ, ಹದಿನೈದು ನಿಮಿಷ ನೋಡಿ, ಲೆಕ್ಕ ಸೇರಿಸಬಹುದು.

ರಾಜ್ಯೋತ್ಸವ, ಯುಗಾದಿ ಸಮಾರಂಭಗಳಿಗೆ ಸಭಾಂಗಣ ತುಂಬುವ ಸಂಘಗಳಿಗೆ ಬಾಗಿಲ ಬಳಿ ಒಂದು ಹುಂಡಿ ಇಡುವುದೂ ಭಾರವಲ್ಲ. ಬಂದ ಹಣ ಪಕ್ಷಿ ಆಸ್ಪತ್ರೆಗೆ ಹೋಗಲಿ, ಮಕ್ಕಳಿಗೆ ಒಂದು ದುರ್ಬೀನು ಕೊಳ್ಳಲು ಆಗಲಿ. ಜತೆಗೆ ಬಡಾವಣೆಯ ಯಾವ ಮರದಲ್ಲಿ ಯಾವ ಹಕ್ಕಿಯ ಗೂಡಿದೆ ಎಂಬ ಪಟ್ಟಿಯೊಂದು ಸಿದ್ಧವಾದರೆ, ಮುಂದೆ ಗರಗಸ ಬಂದ ದಿನ ತೋರಿಸಲು ಕೈಯಲ್ಲಿ ಕಾಗದವಿರುತ್ತದೆ. ಸುಲ್ತಾನಪುರ ಉಳಿದದ್ದೂ ಬರೆದಿಟ್ಟವರಿಂದಲೇ.